ಐಸಿಎಸ್ ಕಡತ ಕೈಗೆ ಬಂದ ಮಾತ್ರಕ್ಕೆ ಕ್ಯಾಲೆಂಡರ್ ನಮ್ಮದಾಗುತ್ತದೆಯೇ?

ಕಚೇರಿ_ವ್ಯವಸ್ಥಾಪಕಿ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಸುಮಾರು 80 ಮಂದಿ ಕೆಲಸ ಮಾಡುವ ನಮ್ಮ ಸಂಸ್ಥೆಯಲ್ಲಿ ಇಮೇಲ್, ಕ್ಯಾಲೆಂಡರ್, ವಿಳಾಸ ಪುಸ್ತಕ, ಸಭಾಕೊಠಡಿಗಳ ಬುಕಿಂಗ್ ಎಲ್ಲವೂ ಒಂದೇ ಗ್ರೂಪ್‌ವೇರ್‌ನಲ್ಲಿ ನಡೆಯುತ್ತಿವೆ. ಅದರ ಒಪ್ಪಂದದ ಅವಧಿ ಮುಗಿಯುತ್ತ ಬಂದಿದ್ದು, ಮುಂದಿನ ವ್ಯವಸ್ಥೆಯನ್ನು ಆರಿಸುವ ಹೊಣೆ ನನಗೆ ಬಂದಿದೆ.

ಈಗ ಎರಡು ಪ್ರಸ್ತಾವಗಳು ನಮ್ಮ ಮುಂದಿವೆ. ಮೊದಲನೆಯದು ಬಹಳ ಅಚ್ಚುಕಟ್ಟಾದ, ಸೌಲಭ್ಯಗಳು ಹೇರಳವಾಗಿರುವ ಉತ್ಪನ್ನ. ಆದರೆ ಕ್ಯಾಲೆಂಡರ್ ನೋಡಬೇಕೆಂದರೆ ಅವರದೇ ಆ್ಯಪ್ ಬೇಕು, ಬೇರೆ ತಂತ್ರಾಂಶದೊಡನೆ ಜೋಡಿಸಬೇಕೆಂದರೆ ಅವರದೇ ಎಪಿಐ (ತಂತ್ರಾಂಶಗಳು ಪರಸ್ಪರ ಮಾಹಿತಿ ಪಡೆಯುವ ಸಂಪರ್ಕದಾರಿ) ಬಳಸಬೇಕು. ಯಾರು ಬೇಕಾದರೂ ಅನುಸರಿಸಬಹುದಾದ ಮುಕ್ತ ಮಾನಕಗಳ ಬಗ್ಗೆ ವಿಚಾರಿಸಿದಾಗ, ‘ಯಾವಾಗ ಬೇಕಾದರೂ ನಿಮ್ಮ ಕ್ಯಾಲೆಂಡರನ್ನು ಐಸಿಎಸ್ ಕಡತವಾಗಿ ಇಳಿಸಿಕೊಳ್ಳಬಹುದು, ಹಾಗಾಗಿ ನಮ್ಮಲ್ಲಿ ಸಿಲುಕಿಕೊಳ್ಳುವ ಭಯ ಬೇಡ’ ಎಂಬ ಉತ್ತರ ಬಂತು. ಎರಡನೆಯದು ಐಮ್ಯಾಪ್ (ಇಮೇಲ್), ಕ್ಯಾಲ್‌ಡ್ಯಾವ್ (ಕ್ಯಾಲೆಂಡರ್), ಕಾರ್ಡ್‌ಡ್ಯಾವ್ (ವಿಳಾಸ ಪುಸ್ತಕ) ಎಂಬ ಮುಕ್ತ ಮಾನಕಗಳ ಮೂಲಕ ಯಾವ ತಂತ್ರಾಂಶಕ್ಕಾದರೂ ತೆರೆದುಕೊಳ್ಳುತ್ತದೆ. ನೋಟ ಸಾಧಾರಣ, ಕೆಲವು ಸೌಲಭ್ಯಗಳು ಕಡಿಮೆ.

ಆಡಳಿತ ಮಂಡಳಿಯವರ ಒಲವು ಮೊದಲನೆಯದರತ್ತ ಇದೆ. ಐಸಿಎಸ್ ರಫ್ತು ಇದ್ದರೆ ಸಾಕಲ್ಲವೇ ಎಂಬುದು ಅವರ ವಾದ. ಮುಂದೊಂದು ದಿನ ಬಿಟ್ಟು ಹೊರಡಬೇಕಾದಾಗ ನಮ್ಮನ್ನು ನಿಜವಾಗಿ ಹಿಡಿದು ನಿಲ್ಲಿಸುವುದು ಏನು, ಮತ್ತು ಅದನ್ನು ಇಂದೇ ಗುರುತಿಸುವುದು ಹೇಗೆ ಎಂಬುದನ್ನು ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ.

ಸರ್ವರ್_ಪಾಲಕ ಬರೆದ ಉತ್ತರ:

ನಿಮಗೆ ಸಿಕ್ಕ ಉತ್ತರದಲ್ಲಿ ಸುಳ್ಳೇನೂ ಇಲ್ಲ, ಆದರೆ ನೀವು ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಕ್ಯಾಲೆಂಡರ್ ವಿಷಯದಲ್ಲಿ ‘ಮುಕ್ತ ಮಾನಕ’ ಎಂದಾಗ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಹೆಸರಿನಡಿ ಸೇರಿಕೊಳ್ಳುತ್ತವೆ: ಮಾಹಿತಿಯನ್ನು ಬರೆದಿಡುವ ರೂಪ, ಎರಡು ವ್ಯವಸ್ಥೆಗಳು ಪರಸ್ಪರ ಆಹ್ವಾನ ಕಳುಹಿಸಿಕೊಳ್ಳುವ ಕ್ರಮ, ಮತ್ತು ಸರ್ವರ್‌ನಲ್ಲಿರುವ ಜೀವಂತ ಕ್ಯಾಲೆಂಡರನ್ನು ಹೊರಗಿನ ತಂತ್ರಾಂಶವೊಂದು ಓದಿ ತಿದ್ದುವ ಕ್ರಮ. ನಿಮ್ಮ ಮಾರಾಟಗಾರರು ಒಪ್ಪಿಕೊಂಡಿರುವುದು ಮೊದಲನೆಯದನ್ನು ಮಾತ್ರ.

ಐಸಿಎಸ್ ಕಡತಗಳು ಅನುಸರಿಸುವ ರೂಪದ ಮಾನಕವಾದ ಐಕ್ಯಾಲೆಂಡರ್ ಬಹಳ ಹಳೆಯದು. 1998ರ ನವೆಂಬರ್‌ನಲ್ಲಿ ಆರ್‌ಎಫ್‌ಸಿ 2445 (ಆರ್‌ಎಫ್‌ಸಿ ಎಂದರೆ ಅಂತರಜಾಲದ ಮಾನಕಗಳು ಪ್ರಕಟವಾಗುವ, ಸಂಖ್ಯೆ ಹೊತ್ತ ದಾಖಲೆ) ಆಗಿ ಪ್ರಕಟವಾದ ಅದನ್ನು ಬರೆದವರು ಲೋಟಸ್ ಮತ್ತು ಮೈಕ್ರೋಸಾಫ್ಟ್‌ನ ಎಂಜಿನಿಯರುಗಳು. ಗ್ರೂಪ್‌ವೇರ್ ಮಾರುಕಟ್ಟೆಯಲ್ಲಿ ಆಗ ಎದುರಾಳಿಗಳಾಗಿದ್ದ ಎರಡು ಕಂಪನಿಗಳ ಜನ ಒಂದೇ ದಾಖಲೆಗೆ ಸಹಿ ಹಾಕಿದ್ದರು ಎಂಬುದನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ. 2009ರಲ್ಲಿ ಪರಿಷ್ಕರಣೆಗೊಂಡು ಅದು ಆರ್‌ಎಫ್‌ಸಿ 5545 ಆಯಿತು. ಆಹ್ವಾನ, ಒಪ್ಪಿಗೆ, ನಿರಾಕರಣೆ, ರದ್ದತಿಗಳ ಕ್ರಮವನ್ನು ಐಟಿಪ್ ಎಂಬ ಮಾನಕವೂ, ಅವುಗಳನ್ನು ಇಮೇಲ್ ಮೂಲಕ ಸಾಗಿಸುವ ಬಗೆಯನ್ನು ಐಮಿಪ್ ಎಂಬ ಮಾನಕವೂ ಹೇಳುತ್ತವೆ. ಒಂದು ಕಂಪನಿಯ ಸರ್ವರ್‌ನಿಂದ ಹೊರಟ ಸಭೆಯ ಆಹ್ವಾನ ಇನ್ನೊಂದು ಕಂಪನಿಯ ಸರ್ವರ್‌ನಲ್ಲಿ ‘ಒಪ್ಪುತ್ತೇನೆ’ ಗುಂಡಿಯೊಡನೆ ತೆರೆದುಕೊಳ್ಳುವುದು ಇವೆರಡರ ಬಲದಿಂದ. ಮೂರನೆಯದು ಕ್ಯಾಲ್‌ಡ್ಯಾವ್: 2007ರ ಮಾರ್ಚ್‌ನಲ್ಲಿ ಬಂದ ಆರ್‌ಎಫ್‌ಸಿ 4791. ಸರ್ವರ್‌ನಲ್ಲಿರುವ ಪ್ರತಿಯೊಂದು ಕಾರ್ಯಕ್ರಮಕ್ಕೂ ಒಂದು ವೆಬ್ ವಿಳಾಸ ಕೊಟ್ಟು, ಯಾವ ತಂತ್ರಾಂಶ ಬೇಕಾದರೂ ಅದನ್ನು ತರಿಸಿಕೊಳ್ಳುವ, ತಿದ್ದುವ, ಅಳಿಸುವ ಕ್ರಮವನ್ನು ಅದು ನಿಗದಿ ಮಾಡಿತು. ಸರ್ವರ್ ತಾನೇ ಆಹ್ವಾನಗಳನ್ನು ಕಳುಹಿಸುವ ಕ್ರಮ 2012ರಲ್ಲಿ ಆರ್‌ಎಫ್‌ಸಿ 6638 ಆಗಿ ಸೇರಿತು.

ಐಸಿಎಸ್ ರಫ್ತು ಎಂದರೆ ಒಂದು ಗಳಿಗೆಯ ಛಾಯಾಚಿತ್ರ. ಸಭೆಯ ಶೀರ್ಷಿಕೆ, ಆರಂಭ ಮತ್ತು ಕೊನೆಯ ವೇಳೆ, ಸ್ಥಳ, ಆಹ್ವಾನಿತರ ವಿಳಾಸಗಳು, ಪುನರಾವರ್ತನೆಯ ನಿಯಮ ಇಷ್ಟು ಅದರಲ್ಲಿ ಬರುತ್ತವೆ. ನಿರ್ದೇಶಕರ ಕ್ಯಾಲೆಂಡರನ್ನು ಯಾರು ನೋಡಬಹುದು, ಅವರ ಪರವಾಗಿ ಯಾರು ಆಹ್ವಾನಕ್ಕೆ ಉತ್ತರಿಸಬಹುದು, ಯಾವ ಸಭಾಕೊಠಡಿ ತಾನಾಗಿಯೇ ಬುಕಿಂಗ್ ಒಪ್ಪಿಕೊಳ್ಳುತ್ತದೆ ಮತ್ತು ಯಾವುದಕ್ಕೆ ಅನುಮತಿ ಬೇಕು, ಇತರರಿಗೆ ನಿಮ್ಮ ಬಿಡುವಿನ ವೇಳೆ ಮಾತ್ರ ಕಾಣಬೇಕೋ ವಿವರವೂ ಕಾಣಬೇಕೋ, ಇವು ಯಾವುವೂ ಆ ಕಡತದಲ್ಲಿ ಇರುವುದಿಲ್ಲ. ಲಗತ್ತುಗಳು ಹಲವು ಬಾರಿ ಅದೇ ಮಾರಾಟಗಾರರ ಕ್ಲೌಡ್‌ಗೆ ಕೊಂಡಿಗಳಾಗಿಯಷ್ಟೇ ಉಳಿಯುತ್ತವೆ. ಖಾತೆ ಮುಚ್ಚಿದ ದಿನ ಆ ಕೊಂಡಿಗಳೂ ಸಾಯುತ್ತವೆ. ಗ್ರೂಪ್‌ವೇರ್ ಒಂದರಲ್ಲಿ ವರ್ಷಗಟ್ಟಲೆ ಬೆಳೆದಿರುವುದು ದಿನಾಂಕಗಳ ಪಟ್ಟಿಗಿಂತ ಹೆಚ್ಚಾಗಿ ಜನರ ನಡುವಿನ ಈ ಹಕ್ಕು ಮತ್ತು ಹೊಣೆಗಳ ಬಲೆ. ಹಿಡಿದು ನಿಲ್ಲಿಸುವುದು ಅದೇ.

ಇನ್ನೊಂದು ವ್ಯತ್ಯಾಸವನ್ನು ಆಡಳಿತ ಮಂಡಳಿಗೆ ವಿವರಿಸುವುದು ಅಗತ್ಯ. ರಫ್ತು ಬಳಕೆಗೆ ಬರುವುದು ಹೊರಡುವ ದಿನ ಮಾತ್ರ. ಕ್ಯಾಲ್‌ಡ್ಯಾವ್ ಬಳಕೆಯಲ್ಲಿರುವುದು ಪ್ರತಿದಿನ. ಸಿಬ್ಬಂದಿಯಲ್ಲಿ ಕೆಲವರು ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿ, ಕೆಲವರು ಐಫೋನ್‌ನ ಕ್ಯಾಲೆಂಡರ್‌ನಲ್ಲಿ ಕೆಲಸ ಮಾಡುತ್ತಿದ್ದರೆ, ಹಿಂದಿರುವ ಸರ್ವರ್ ಬದಲಾದಾಗ ಅವರ ಪಾಲಿಗೆ ಬದಲಾಗುವುದು ಖಾತೆಯ ವಿವರಗಳಷ್ಟೇ. ಎಲ್ಲರೂ ಮಾರಾಟಗಾರರ ಆ್ಯಪ್‌ನಲ್ಲೇ ಇದ್ದರೆ 80 ಮಂದಿಯ ಕೈಯ ಅಭ್ಯಾಸವನ್ನೂ ಬದಲಿಸಬೇಕಾಗುತ್ತದೆ, ಮತ್ತು ಆ ಬೆಲೆಯನ್ನು ಯಾವ ಪ್ರಸ್ತಾವದಲ್ಲೂ ನಮೂದಿಸಿರುವುದಿಲ್ಲ.

ಎಪಿಐ ಇದೆಯಲ್ಲ ಎಂಬ ಮಾತಿಗೂ ಒಂದು ಉತ್ತರ ಬೇಕು. ಒಬ್ಬರ ಒಡೆತನದ ಎಪಿಐ ಎಷ್ಟು ಚೆನ್ನಾಗಿ ದಾಖಲೆಗೊಂಡಿದ್ದರೂ ಅದರ ಆಯುಷ್ಯವನ್ನು ನಿರ್ಧರಿಸುವವರು ಅವರೇ. ಮೈಕ್ರೋಸಾಫ್ಟ್‌ನ ಗ್ರೂಪ್‌ವೇರ್ ಸರ್ವರ್ ಆದ ಎಕ್ಸ್‌ಚೇಂಜ್ 2007ರೊಡನೆ ಬಂದ ಎಕ್ಸ್‌ಚೇಂಜ್ ವೆಬ್ ಸರ್ವಿಸಸ್ ಎಂಬ ಎಪಿಐ ಮೇಲೆ ಲೆಕ್ಕವಿಲ್ಲದಷ್ಟು ತಂತ್ರಾಂಶಗಳು ನಿಂತಿವೆ. ತನ್ನ ಕ್ಲೌಡ್ ಸೇವೆಯಲ್ಲಿ ಅದನ್ನು 2026ರ ಅಕ್ಟೋಬರ್‌ನಿಂದ ತಡೆಯಲು ಆರಂಭಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿತು. ಸಾಕಷ್ಟು ಮುಂಚಿತವಾಗಿ ತಿಳಿಸಿದ್ದಾರೆ, ಬದಲಿ ಎಪಿಐಯನ್ನೂ ಕೊಟ್ಟಿದ್ದಾರೆ, ಒಪ್ಪುತ್ತೇನೆ. ಆದರೂ ತಮ್ಮ ತಂತ್ರಾಂಶವನ್ನು ಮತ್ತೆ ಬರೆಯಬೇಕಾಗಿ ಬಂದವರಿಗೆ ಆ ನಿರ್ಧಾರದಲ್ಲಿ ಪಾಲಿರಲಿಲ್ಲ.

ಎರಡೂ_ಬದಿ ಬರೆದ ಉತ್ತರ:

ಮೇಲಿನ ಉತ್ತರದ ಬಹುಪಾಲನ್ನು ಒಪ್ಪುತ್ತೇನೆ. ಆದರೆ ಎರಡನೆಯ ಪ್ರಸ್ತಾವವನ್ನು ಆರಿಸಿದ ಕೂಡಲೇ ನೀವು ಬಂಧಮುಕ್ತರಾಗುತ್ತೀರಿ ಎಂಬ ಭಾವನೆ ಓದುಗರಲ್ಲಿ ಮೂಡಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

‘ಕ್ಯಾಲ್‌ಡ್ಯಾವ್ ಬೆಂಬಲವಿದೆ’ ಎಂಬ ಮಾತಿಗೆ ಹಲವು ಮಟ್ಟಗಳಿವೆ. ಗೂಗಲ್ ಕ್ಯಾಲೆಂಡರ್‌ಗೆ ಕ್ಯಾಲ್‌ಡ್ಯಾವ್ ಸಂಪರ್ಕ ಇದೆ. ಆದರೆ ಐಕ್ಯಾಲೆಂಡರ್ ಮಾನಕದಲ್ಲೇ ಇರುವ ಮಾಡಬೇಕಾದ ಕೆಲಸಗಳ ಘಟಕವನ್ನು, ಅಂದರೆ ವಿಟುಡು ಎಂಬುದನ್ನು, ಅದು ಆ ದಾರಿಯಲ್ಲಿ ಬೆಂಬಲಿಸುವುದಿಲ್ಲ. ಕೆಲಸಗಳ ಪಟ್ಟಿಯನ್ನು ಕ್ಯಾಲ್‌ಡ್ಯಾವ್ ಮೂಲಕ ಹಂಚಿಕೊಳ್ಳುವ ತಂಡಕ್ಕೆ ಆ ಬೆಂಬಲ ಅರ್ಧ ಮಾತ್ರ. ಬಳಕೆದಾರರ ಬದಿಯಲ್ಲೂ ಹೀಗೆಯೇ: ಕಂಪ್ಯೂಟರ್‌ನ ಔಟ್‌ಲುಕ್‌ಗೆ ಕ್ಯಾಲ್‌ಡ್ಯಾವ್ ತಾನಾಗಿ ಬರುವುದಿಲ್ಲ, ಹೊರಗಿನ ಪ್ಲಗಿನ್ ಬೇಕು, ಆಂಡ್ರಾಯ್ಡ್‌ನಲ್ಲೂ ಡ್ಯಾವ್‌ಎಕ್ಸ್5ರಂಥ ಪ್ರತ್ಯೇಕ ಆ್ಯಪ್ ಹಾಕಿಕೊಳ್ಳಬೇಕು. ಐಫೋನ್, ಮ್ಯಾಕ್, ಥಂಡರ್‌ಬರ್ಡ್‌ಗಳಲ್ಲಾದರೆ ನೇರವಾಗಿ ಖಾತೆ ಸೇರಿಸಬಹುದು.

ಅದಕ್ಕಿಂತ ಮುಖ್ಯವಾದ ಕೊರತೆ ಮಾನಕದಲ್ಲೇ ಇದೆ. ಯಾರಿಗೆ ಯಾವ ಅನುಮತಿ ಎಂಬುದನ್ನು ಸೂಚಿಸುವ ವೆಬ್‌ಡ್ಯಾವ್ ಎಸಿಎಲ್ ಮಾನಕ 2004ರಿಂದಲೇ ಇದ್ದರೂ, ಒಬ್ಬರು ತಮ್ಮ ಕ್ಯಾಲೆಂಡರನ್ನು ಇನ್ನೊಬ್ಬರಿಗೆ ಹಂಚಿ, ಅವರು ಅದನ್ನು ಒಪ್ಪಿ ತಮ್ಮ ಪಟ್ಟಿಗೆ ಸೇರಿಸಿಕೊಳ್ಳುವ ಕ್ರಮಕ್ಕೆ ಕ್ಯಾಲ್‌ಡ್ಯಾವ್‌ನ ಮೂಲ ದಾಖಲೆಯಲ್ಲಿ ಜಾಗವಿರಲಿಲ್ಲ. ಆ್ಯಪಲ್ ತನ್ನ ಕ್ಯಾಲೆಂಡರ್ ಸರ್ವರ್‌ಗಾಗಿ ಬರೆದ ವಿಸ್ತರಣೆಯನ್ನು ಹಲವರು ಅನುಸರಿಸಿದರು. ಹಾಗಾಗಿ ಹಂಚಿಕೆಯ ಅನುಮತಿಗಳನ್ನು ಒಂದು ಮುಕ್ತ ಸರ್ವರ್‌ನಿಂದ ಇನ್ನೊಂದು ಮುಕ್ತ ಸರ್ವರ್‌ಗೆ ಸಾಗಿಸಬೇಕಾದಾಗಲೂ ನೀವು ಅವುಗಳನ್ನು ಕೈಯಾರೆ ಮತ್ತೆ ಕಟ್ಟಬೇಕಾಗುವ ಸಂಭವವೇ ಹೆಚ್ಚು. ತಂತ್ರಾಂಶದ ಮೂಲಸಂಕೇತ ಮುಕ್ತವಾಗಿದೆ ಎಂಬುದು ಬೇರೆ, ಅದರೊಳಗಿನ ಮಾಹಿತಿ ಬೇರೆಡೆಗೆ ಸಾಗಬಲ್ಲದು ಎಂಬುದು ಬೇರೆ.

ಮಾರಾಟಗಾರರು ಮಾನಕವನ್ನು ಬೆಂಬಲಿಸುತ್ತೇವೆಂದು ಕೊಟ್ಟ ಮಾತು ಕೂಡ ಬದಲಾಗಬಹುದು. ಕ್ಯಾಲ್‌ಡ್ಯಾವ್ ಪ್ರವೇಶವನ್ನು ಆಯ್ದ ಪಾಲುದಾರರಿಗಷ್ಟೇ ಸೀಮಿತಗೊಳಿಸುವುದಾಗಿ ಗೂಗಲ್ 2013ರ ಮಾರ್ಚ್‌ನಲ್ಲಿ ಪ್ರಕಟಿಸಿತ್ತು. ತಂತ್ರಾಂಶ ಬರೆಯುವವರಿಂದ ಆಕ್ಷೇಪ ಬಂದ ಮೇಲೆ ಕೆಲವೇ ತಿಂಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಮಾನಕವಾಗಿದ್ದುದರಿಂದಲೇ ಆಕ್ಷೇಪಿಸಲು ಅಷ್ಟು ಜನ ಇದ್ದರು ಎಂಬುದು ನನ್ನ ಅನಿಸಿಕೆ.

ಇಷ್ಟೆಲ್ಲ ಹೇಳಿಯೂ ನನ್ನ ಮತ ಎರಡನೆಯ ಪ್ರಸ್ತಾವಕ್ಕೇ. ಅಪೂರ್ಣವಾದ ಮಾನಕದಲ್ಲಿ ಎಲ್ಲಿ ಕೊರತೆಯಿದೆ ಎಂಬುದನ್ನಾದರೂ ಓದಿ ತಿಳಿಯಬಹುದು. ಮುಚ್ಚಿದ ವ್ಯವಸ್ಥೆಯಲ್ಲಿ ಅದು ತಿಳಿಯುವುದು ಹೊರಡುವಾಗ.

ಕಚೇರಿ_ವ್ಯವಸ್ಥಾಪಕಿ ಮತ್ತೆ ಬರೆದದ್ದು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಕ್ಕು ಮತ್ತು ಹೊಣೆಗಳ ಬಲೆಯ ಮಾತು ನಮ್ಮ ಸ್ಥಿತಿಗೆ ನೇರವಾಗಿ ಅನ್ವಯಿಸುತ್ತದೆ. ನಮ್ಮಲ್ಲಿ ಹಲವು ಹಿರಿಯರ ಕ್ಯಾಲೆಂಡರ್‌ಗಳನ್ನು ಸಹಾಯಕರೇ ನಿರ್ವಹಿಸುತ್ತಾರೆ.

ಇನ್ನೆರಡು ಸಂದೇಹಗಳಿವೆ. ನಮ್ಮ ಸಭೆಗಳಲ್ಲಿ ಬಹುಪಾಲು ಮರುಕಳಿಸುವಂಥವು: ವಾರಕ್ಕೊಮ್ಮೆ, ತಿಂಗಳ ಎರಡನೆಯ ಮಂಗಳವಾರ, ಪ್ರತಿ ತಿಂಗಳ 1 ಮತ್ತು 15ನೇ ತಾರೀಖು, ಹೀಗೆ. ಬೇರೆ ಬೇರೆ ದೇಶಗಳ ಪಾಲುದಾರರೂ ಅವುಗಳಲ್ಲಿ ಇರುತ್ತಾರೆ. ರಫ್ತು ಮಾಡಿ ಆಮದು ಮಾಡಿದಾಗ ಇವು ಕೆಡದೆ ಬರುತ್ತವೆಯೇ? ಹಾಗೆಯೇ, ಒಪ್ಪಂದಕ್ಕೆ ಮೊದಲೇ ನಾವೇ ಮಾಡಿ ನೋಡಬಹುದಾದ ಪರೀಕ್ಷೆ ಯಾವುದಾದರೂ ಇದೆಯೇ?

ವಲಸೆ_ತಂತ್ರಜ್ಞ ಬರೆದ ಉತ್ತರ:

ಗ್ರೂಪ್‌ವೇರ್ ವಲಸೆಯೇ ನನ್ನ ಕೆಲಸವಾದ್ದರಿಂದ ಈ ಪ್ರಶ್ನೆಗೆ ತುಸು ವಿವರವಾಗಿಯೇ ಉತ್ತರಿಸುತ್ತೇನೆ. ಮರುಕಳಿಸುವ ಸಭೆಗಳಲ್ಲೇ ಅತಿ ಹೆಚ್ಚು ಹಾನಿಯಾಗುವುದು, ಏಕೆಂದರೆ ಅಲ್ಲಿ ಕಡತದಲ್ಲಿರುವುದು ದಿನಾಂಕಗಳಲ್ಲ, ದಿನಾಂಕಗಳನ್ನು ಹುಟ್ಟಿಸುವ ನಿಯಮ. ಆ ನಿಯಮವನ್ನು ಐಕ್ಯಾಲೆಂಡರ್‌ನಲ್ಲಿ ಆರ್‌ರೂಲ್ ಎನ್ನುತ್ತಾರೆ. ನೀವು ಹೇಳಿದ ‘1 ಮತ್ತು 15ನೇ ತಾರೀಖು’ ಎಂಬುದನ್ನು ಮಾನಕ ಒಂದೇ ಸಾಲಿನಲ್ಲಿ ಹೇಳಬಲ್ಲದು. ಔಟ್‌ಲುಕ್‌ನ ಪುನರಾವರ್ತನೆಯ ಮಾದರಿಯಲ್ಲಿ ಒಂದೇ ಸರಣಿಯಾಗಿ ಅದನ್ನು ಬರೆಯಲು ಬರುವುದಿಲ್ಲ. ಎರಡು ಸರಣಿಗಳಾಗಿ ಒಡೆಯಬೇಕು. ಸರಣಿಯ ಒಂದು ಸಭೆಯನ್ನು ಅದರ ಮುಂದಿನ ಸಭೆಯನ್ನೂ ದಾಟಿಸಿ ಮುಂದೂಡಲು ಔಟ್‌ಲುಕ್ ಬಿಡುವುದಿಲ್ಲ, ಆದರೆ ಮಾನಕದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಹೀಗೆ ಒಂದು ಬದಿಯಲ್ಲಿ ಸರಿಯಾದದ್ದು ಇನ್ನೊಂದು ಬದಿಯಲ್ಲಿ ಹಿಡಿಸದೇ ಹೋದಾಗ, ಆಮದಿನ ತಂತ್ರಾಂಶ ಕೆಲವೊಮ್ಮೆ ದೋಷ ತೋರಿಸುತ್ತದೆ, ಕೆಲವೊಮ್ಮೆ ಏನೂ ಹೇಳದೆ ಅಂದಾಜಿನ ನಿಯಮವೊಂದನ್ನು ಹಾಕಿಬಿಡುತ್ತದೆ. ಎರಡನೆಯದಕ್ಕೇ ಹೆಚ್ಚು ಅಂಜಬೇಕು.

ಸರಣಿಯಲ್ಲಿ ಒಂದು ವಾರದ ಸಭೆಯನ್ನು ಮಾತ್ರ ಬೇರೆ ವೇಳೆಗೆ ಸರಿಸಿದ್ದರೆ, ಅದು ಅದೇ ಯುಐಡಿ ಹೊತ್ತು, ಮೂಲ ವೇಳೆಯನ್ನು ಸೂಚಿಸುವ ರಿಕರೆನ್ಸ್-ಐಡಿಯೊಡನೆ ಪ್ರತ್ಯೇಕ ನಮೂದಾಗಿ ಕಡತದಲ್ಲಿ ಇರುತ್ತದೆ. ಯುಐಡಿ ಎಂಬುದು ಆ ಸಭೆಯ ಜಾಗತಿಕ ಗುರುತು. ಆಮದು ಮಾಡುವ ವ್ಯವಸ್ಥೆ ಹಳೆಯ ಯುಐಡಿಯನ್ನು ಹಾಗೆಯೇ ಉಳಿಸಿಕೊಳ್ಳುತ್ತದೆಯೇ ಎಂಬುದನ್ನು ತಪ್ಪದೆ ಪರೀಕ್ಷಿಸಿ. ಹೊಸದನ್ನು ಹಾಕಿದರೆ, ಹೊರಗಿನ ಪಾಲುದಾರರು ಮುಂದೆ ವೇಳೆ ಬದಲಿಸಿ ಕಳುಹಿಸಿದ ತಿದ್ದುಪಡಿ ಹಳೆಯ ನಮೂದಿಗೆ ಹೊಂದಿಕೊಳ್ಳದೆ, ಕ್ಯಾಲೆಂಡರ್‌ನಲ್ಲಿ ಒಂದೇ ಸಭೆ ಎರಡಾಗಿ ಕಾಣುತ್ತದೆ.

ಕಾಲವಲಯದ ವಿಷಯವೂ ಇಷ್ಟೇ ಸೂಕ್ಷ್ಮ. ಹೆಚ್ಚಿನ ವ್ಯವಸ್ಥೆಗಳು ‘ಯೂರೋಪ್/ಬರ್ಲಿನ್’ ಎಂಬಂಥ, ಐಯಾನಾ ಎಂಬ ಅಂತರಜಾಲ ಸಂಸ್ಥೆಯ ಪಟ್ಟಿಯಲ್ಲಿರುವ ಹೆಸರುಗಳನ್ನು ಬಳಸುತ್ತವೆ. ವಿಂಡೋಸ್ ಮೂಲದವು ‘ಡಬ್ಲ್ಯೂ. ಯೂರೋಪ್ ಸ್ಟ್ಯಾಂಡರ್ಡ್ ಟೈಮ್’ ಎಂಬಂಥ ತಮ್ಮದೇ ಹೆಸರುಗಳನ್ನು ಬಳಸುತ್ತವೆ. ಎರಡನ್ನೂ ಹೊಂದಿಸುವ ಕೋಷ್ಟಕವನ್ನು ಯೂನಿಕೋಡ್ ಸಂಸ್ಥೆ ನಿರ್ವಹಿಸುತ್ತದೆ, ಆದರೆ ಎಲ್ಲ ತಂತ್ರಾಂಶಗಳೂ ಅದನ್ನು ನೋಡುವುದಿಲ್ಲ. ಗುರುತು ಸಿಗದ ಹೆಸರು ಬಂದಾಗ ಕೆಲವು ತಂತ್ರಾಂಶಗಳು ಸಭೆಯನ್ನು ಯುಟಿಸಿಗೆ, ಅಂದರೆ ಗಡಿಯಾರ ಬದಲಾವಣೆಯಿಲ್ಲದ ಜಾಗತಿಕ ವೇಳೆಗೆ, ಸ್ಥಿರಗೊಳಿಸುತ್ತವೆ. ಆಮದು ಮಾಡಿದ ದಿನ ಎಲ್ಲವೂ ಸರಿಯಾಗಿ ಕಾಣಬಹುದು. ಬೇಸಿಗೆಯ ಗಡಿಯಾರ ಬದಲಾವಣೆ ಇರುವ ದೇಶದಲ್ಲಿ ಗಡಿಯಾರ ತಿರುಗಿಸಿದ ವಾರ ಸಭೆ ಒಂದು ಗಂಟೆ ಆಚೀಚೆ ಆಗುತ್ತದೆ.

ಹಾಗಾಗಿ ಪರೀಕ್ಷೆಗೆ ಚೊಕ್ಕವಾದ ಮಾದರಿ ಕ್ಯಾಲೆಂಡರ್ ಬೇಡ. ನಿಮ್ಮಲ್ಲಿ ಅತ್ಯಂತ ಗೋಜಲಾಗಿರುವ ಕ್ಯಾಲೆಂಡರನ್ನೇ ಆರಿಸಿ: ಸಹಾಯಕರು ನಿರ್ವಹಿಸುವ, ಹೊರದೇಶದ ಆಹ್ವಾನಿತರಿರುವ, ಹಲವು ಬಾರಿ ವೇಳೆ ಬದಲಾದ ಸರಣಿಗಳಿರುವ ಒಂದನ್ನು. ಇಬ್ಬರು ಮಾರಾಟಗಾರರ ಪ್ರಾಯೋಗಿಕ ಖಾತೆಗೂ ಅದನ್ನು ಆಮದು ಮಾಡಿ, ಅಲ್ಲಿಂದ ಮತ್ತೆ ರಫ್ತು ಮಾಡಿ, ಎರಡೂ ಕಡತಗಳನ್ನು ಪಠ್ಯವಾಗಿ ತೆರೆದು ಹೋಲಿಸಿ. ಐಸಿಎಸ್ ಬರಿಯ ಪಠ್ಯವಾದ್ದರಿಂದ ಇದಕ್ಕೆ ವಿಶೇಷ ಉಪಕರಣ ಬೇಕಿಲ್ಲ. ಯಾವ ಸಾಲುಗಳು ಮಾಯವಾದವು, ‘ಎಕ್ಸ್-’ ಎಂದು ಆರಂಭವಾಗುವ ಖಾಸಗಿ ಸಾಲುಗಳಿಗೆ ಏನೇನು ಸೇರಿಕೊಂಡಿತು ಎಂಬುದು ಕಣ್ಣಿಗೇ ಕಾಣುತ್ತದೆ. ಖಾಸಗಿ ಸಾಲುಗಳನ್ನು ಮಾನಕ ನಿಷೇಧಿಸಿಲ್ಲ. ಆದರೆ ನಿಮಗೆ ಮುಖ್ಯವಾದ ಸಂಗತಿಯೊಂದು ಆ ಸಾಲುಗಳಲ್ಲಿ ಮಾತ್ರ ಉಳಿದಿದ್ದರೆ, ಅದನ್ನು ಬೇರೆ ಯಾರೂ ಓದಲಾರರು ಎಂದೇ ತಿಳಿಯಿರಿ. ನಂತರ ಹೊರಗಿನ ಬೇರೊಂದು ವ್ಯವಸ್ಥೆಯಲ್ಲಿರುವವರಿಗೆ ಒಂದು ಆಹ್ವಾನ ಕಳುಹಿಸಿ, ಅವರಿಂದ ಒಪ್ಪಿಗೆ ಪಡೆದು, ವೇಳೆ ಬದಲಿಸಿ, ಕೊನೆಗೆ ರದ್ದು ಮಾಡಿ. ಈ ನಾಲ್ಕೂ ಹೆಜ್ಜೆಗಳು ಎರಡೂ ಬದಿಯಲ್ಲಿ ಸರಿಯಾಗಿ ದಾಖಲಾಗುವ ವ್ಯವಸ್ಥೆ ಆಹ್ವಾನಗಳ ಮಾನಕವನ್ನು ಮನಸ್ಸಿಟ್ಟು ಅಳವಡಿಸಿದೆ ಎನ್ನಬಹುದು.

ದಾಖಲೆ_ಪಾಲಕಿ ಬರೆದ ಉತ್ತರ:

ತಾಂತ್ರಿಕ ವಿಷಯಗಳನ್ನು ಮೇಲಿನವರು ಹೇಳಿದ್ದಾರೆ. ಒಪ್ಪಂದದ ಬದಿಯಿಂದ ಕೆಲವು ಮಾತು ಸೇರಿಸುತ್ತೇನೆ.

ಡೊಮೈನ್ ಹೆಸರು ನಿಮ್ಮ ಸಂಸ್ಥೆಯ ಹೆಸರಿನಲ್ಲೇ ನೋಂದಣಿಯಾಗಿರಲಿ. ಪ್ರತಿಯೊಂದು ಸಭೆಯಲ್ಲೂ ಆಯೋಜಕರ ಗುರುತು ಇಮೇಲ್ ವಿಳಾಸವೇ ಆಗಿರುವುದರಿಂದ, ವಿಳಾಸ ಬದಲಾದರೆ ಹಳೆಯ ಸಭೆಗಳನ್ನು ತಿದ್ದುವ ಅಧಿಕಾರವನ್ನೇ ಕಳೆದುಕೊಂಡಂತೆ. ‘ಮಾಹಿತಿಯನ್ನು ಸಾಮಾನ್ಯ ರೂಪದಲ್ಲಿ ಒದಗಿಸಲಾಗುವುದು’ ಎಂಬ ಸಡಿಲ ವಾಕ್ಯವನ್ನು ಒಪ್ಪಿಕೊಳ್ಳಬೇಡಿ. ಕಾರ್ಯಕ್ರಮಗಳು ಆರ್‌ಎಫ್‌ಸಿ 5545ರ ರೂಪದಲ್ಲಿ, ವಿಳಾಸಗಳು ವಿಕಾರ್ಡ್ ರೂಪದಲ್ಲಿ, ಜೀವಂತ ಪ್ರವೇಶ ಆರ್‌ಎಫ್‌ಸಿ 4791 (ಕ್ಯಾಲ್‌ಡ್ಯಾವ್) ಮತ್ತು 6352ರ (ಕಾರ್ಡ್‌ಡ್ಯಾವ್) ಪ್ರಕಾರ ಎಂದು ಸಂಖ್ಯೆ ಸಹಿತ ಬರೆಸಿ. ಹಂಚಿಕೆಯ ಅನುಮತಿಗಳ ಮತ್ತು ಕೊಠಡಿ ನಿಯಮಗಳ ಪಟ್ಟಿಯನ್ನು ಓದಬಲ್ಲ ರೂಪದಲ್ಲಿ ಕೊಡಬೇಕೆಂಬುದನ್ನು ಪ್ರತ್ಯೇಕ ಷರತ್ತಾಗಿ ಸೇರಿಸಿ, ಏಕೆಂದರೆ ಮಾನಕದ ಹೆಸರು ಹೇಳಿದ ಮಾತ್ರಕ್ಕೆ ಅವು ಬರುವುದಿಲ್ಲ. ಒಪ್ಪಂದ ಮುಗಿದ ಮೇಲೂ ಕೆಲವು ತಿಂಗಳು ಕ್ಯಾಲ್‌ಡ್ಯಾವ್ ಪ್ರವೇಶ ತೆರೆದಿರಬೇಕು ಎಂಬುದೂ ಇರಲಿ.

ದೊಡ್ಡ ಪ್ರಮಾಣದಲ್ಲಿ ಇದು ಸಾಧ್ಯವೇ ಎಂದು ಆಡಳಿತ ಮಂಡಳಿಯವರು ಕೇಳಿದರೆ, ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ಆಡಳಿತವನ್ನು ಉದಾಹರಿಸಿ. ಎಕ್ಸ್‌ಚೇಂಜ್ ಮತ್ತು ಔಟ್‌ಲುಕ್‌ನಲ್ಲಿದ್ದ 40,000ಕ್ಕೂ ಹೆಚ್ಚು ಅಂಚೆಪೆಟ್ಟಿಗೆಗಳನ್ನು, ಅವುಗಳ ಕ್ಯಾಲೆಂಡರ್ ಸಹಿತ, ಓಪನ್-ಎಕ್ಸ್‌ಚೇಂಜ್ ಎಂಬ ಮುಕ್ತ ಮೂಲಸಂಕೇತದ ಗ್ರೂಪ್‌ವೇರ್ ಮತ್ತು ಥಂಡರ್‌ಬರ್ಡ್‌ಗೆ ಸಾಗಿಸಿದ ಕೆಲಸ ಮುಗಿಯಿತೆಂದು ಅವರು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು.

ಕಚೇರಿ_ವ್ಯವಸ್ಥಾಪಕಿ ಮತ್ತೆ ಬರೆದದ್ದು:

ಈ ವಿವರಗಳನ್ನು ಹಾಗೆಯೇ ಟಿಪ್ಪಣಿಯಾಗಿಸಿ ಮಂಡಳಿಯ ಮುಂದಿಡುತ್ತೇನೆ. ವಲಸೆ_ತಂತ್ರಜ್ಞ ಅವರಲ್ಲಿ ಒಂದು ಕೊನೆಯ ಪ್ರಶ್ನೆ: ಪರೀಕ್ಷೆಗಾಗಿ ನಿಜವಾದ ಕ್ಯಾಲೆಂಡರನ್ನು ಆಮದು ಮಾಡಿದಾಗ ಅದರಲ್ಲಿರುವ ಹೊರಗಿನವರಿಗೆಲ್ಲ ಆಹ್ವಾನ ಮತ್ತೆ ಹೋಗಿಬಿಡುವ ಅಪಾಯವಿದೆಯೇ?

ವಲಸೆ_ತಂತ್ರಜ್ಞ ಬರೆದ ಉತ್ತರ:

ಖಂಡಿತ ಇದೆ, ಒಳ್ಳೆಯದನ್ನೇ ಕೇಳಿದಿರಿ. ಆರ್‌ಎಫ್‌ಸಿ 6638 ಅಳವಡಿಸಿರುವ ಸರ್ವರ್‌ಗೆ, ಖಾತೆಯ ಒಡೆಯರೇ ಆಯೋಜಕರಾಗಿರುವ ಸಭೆಯೊಂದನ್ನು ಕ್ಯಾಲ್‌ಡ್ಯಾವ್ ಮೂಲಕ ಹಾಕಿದರೆ, ಸರ್ವರ್ ಅದನ್ನು ಹೊಸ ಸಭೆಯೆಂದೇ ತಿಳಿದು ಎಲ್ಲ ಆಹ್ವಾನಿತರಿಗೂ ಸಂದೇಶ ಕಳುಹಿಸುತ್ತದೆ. ಇದನ್ನು ತಡೆಯುವ ದಾರಿ ಅದೇ ದಾಖಲೆಯಲ್ಲಿದೆ: ಪ್ರತಿಯೊಬ್ಬ ಆಹ್ವಾನಿತರ ಸಾಲಿಗೆ ಶೆಡ್ಯೂಲ್-ಏಜೆಂಟ್ ಎಂಬ ಗುಣವನ್ನು ‘ನನ್’ ಎಂಬ ಮೌಲ್ಯದೊಡನೆ ಸೇರಿಸಿದರೆ, ಆ ವ್ಯಕ್ತಿಗೆ ಸರ್ವರ್ ತಾನಾಗಿ ಏನನ್ನೂ ಕಳುಹಿಸಬಾರದು. ಆದರೆ ಪರೀಕ್ಷೆಯ ಹಂತದಲ್ಲಿ ಸರ್ವರ್ ಮಾನಕವನ್ನು ಪಾಲಿಸುತ್ತದೆ ಎಂದು ನಂಬಿ ಕೂರುವುದಕ್ಕಿಂತ, ಪ್ರಾಯೋಗಿಕ ಖಾತೆಯಿಂದ ಹೊರಹೋಗುವ ಇಮೇಲನ್ನೇ ನಿಲ್ಲಿಸಲು ಇಬ್ಬರು ಮಾರಾಟಗಾರರನ್ನೂ ಕೇಳಿಕೊಳ್ಳಿ. ಆಮದು ಮುಗಿದ ಮೇಲೆ, ಕಳುಹಿಸಲು ಕಾದಿರುವ ಸಂದೇಶಗಳ ಸಾಲನ್ನು ಅವರಿಂದ ಪಡೆದು ಓದಿ, ಅದನ್ನು ಖಾಲಿ ಮಾಡಿಸಿ, ಆಮೇಲೆ ಹೊರಗಿನ ಆಹ್ವಾನದ ಪರೀಕ್ಷೆಯನ್ನು ಆರಂಭಿಸಿ.